ಭಾವನಿಗೆ ನಾನು ತೋರಿಸದ ನರಿಗಳು

ನಮ್ಮ ಮನೆಯಲ್ಲಿ ನರಿಯನ್ನು ಯಾರಿಗೂ ತೋರಿಸುವ ಕ್ರಮ ಇಲ್ಲ. ಕಂಡವರು ಸುಮ್ಮನೆ ನಿಂತು ಅದರ ಮುಖ ನೋಡಬೇಕು. ಅದು ಹೋದ ಮೇಲೂ ಬಾಯಿ ಬಿಡಬಾರದು. ಆ ದಿನದ ಕೆಲಸ ಮುಗಿದ ಮೇಲೆ ಬೇಕಾದರೆ ಹೇಳಬಹುದು. ಬೆರಳು ಚಾಚಿ ‘ಅಗೋ’ ಅಂದರೆ ತೋರಿಸಿದವನ ಅದೃಷ್ಟವೂ ಹೋಯಿತು, ನೋಡಿದವನಿಗೂ ಸಿಕ್ಕಲಿಲ್ಲ. ನರಿ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎನ್ನುವುದು ಎಲ್ಲ ಕಡೆಯೂ ಉಂಟು. ತೋರಿಸಬಾರದು ಎನ್ನುವ ಬಾಲ ಮಾತ್ರ ಬಹುಶಃ ನಮ್ಮ ಅಜ್ಜಿ ಅಂಟಿಸಿದ್ದು. ಗುತ್ತಿಗಾರಿನ ನಮ್ಮ ಮನೆಯಲ್ಲಿ ಅಜ್ಜಿ ಅಂಟಿಸಿದ ಇಂಥ ಬಾಲಗಳು ಬಹಳ ಇದ್ದವು. ನಾನು ಅವುಗಳಲ್ಲಿ ಒಂದನ್ನೂ ನಂಬಿದವನಲ್ಲ, ಆದರೆ ಒಂದನ್ನೂ ಮುರಿದವನೂ ಅಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕನನ್ನು ನೋಡಲು ಬಂದ ದಿನ ಬೆಳಿಗ್ಗೆ, ಜೀಪು ತಿರುವಿನಲ್ಲಿ ಗೇರು ಬದಲಿಸುವಾಗ, ರಸ್ತೆ ನಡುವೆ ಒಂದು ನರಿ ನಿಂತು ಅವರನ್ನೇ ನೋಡಿತಂತೆ. ಜೀಪಿನಲ್ಲಿ ಇನ್ನೂ ನಾಲ್ಕು ಜನ ಇದ್ದರು, ಯಾರೂ ಕಂಡಿಲ್ಲ. ಭಾವ ಅದನ್ನು ಯಾರಿಗೂ ಹೇಳದೆ ಬಂದು, ಕಾಫಿ ಕುಡಿದು, ಅಕ್ಕನನ್ನು ನೋಡಿ, ಎರಡೂ ಕಡೆಯವರು ಒಪ್ಪಿ, ಊಟದ ಎಲೆ ತೆಗೆದ ಮೇಲೆ ಹೇಳಿದರು. ಅಷ್ಟು ಹೊತ್ತು ಬಾಯಿ ಕಟ್ಟಿ ಕೂತ ಹುಡುಗ ಎಂದು ಅಜ್ಜಿಗೆ ಭಾರಿ ಖುಷಿ. ಅಲ್ಲಿಂದ ಮುಂದೆ ಅವರಿಗೆ ಒಳ್ಳೆಯದಾದದ್ದೆಲ್ಲ ನರಿಯ ಲೆಕ್ಕಕ್ಕೆ ಹೋಯಿತು. ಜೀಪು ಹೊಳೆಗೆ ಬೀಳದೆ ಉಳಿದದ್ದು, ಮಗಳು ನರ್ಸಿಂಗ್ ಪಾಸಾದದ್ದು, ಎಲ್ಲ. ಚೇಷ್ಟೆ ಮಾಡುವುದರಲ್ಲಿ ನಾನು ಮುಂದೆ. ಅಕ್ಕ ಅವರನ್ನು ಬೈಯುವಾಗೆಲ್ಲ, “ಆ ದಿನ ನರಿ ಮುಖ ಮಾತ್ರ ನೋಡಿದ್ದು ತಪ್ಪಾಯ್ತು ಭಾವ, ಅಕ್ಕನ ಮುಖವನ್ನೂ ಸರಿಯಾಗಿ ನೋಡ್ಬೇಕಿತ್ತು” ಎನ್ನುತ್ತಿದ್ದೆ. ಅಕ್ಕ ಸೌಟು ಎತ್ತಿಕೊಂಡು ಬರುತ್ತಿದ್ದಳು. ಮನೆಯೊಳಗೆ ನಮ್ಮದು ಅರೆಭಾಷೆ, ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಭಾವ ಮೂವತ್ತು ವರ್ಷ ಗುತ್ತಿಗಾರು ಸುಳ್ಯದ ನಡುವೆ ಸರ್ವೀಸ್ ಜೀಪು ಓಡಿಸಿದವರು. ಕಾಯಿಲೆ ಶುರುವಾದದ್ದು ಯಾರಿಗೂ ಗೊತ್ತಾಗಲಿಲ್ಲ, ಅವರಿಗೇ ಗೊತ್ತಾಗಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಕೈ ಎತ್ತಿದವರನ್ನು ಬಿಟ್ಟು ಹೋಗತೊಡಗಿದರು. ಜೀಪು ಖಾಲಿ ಇದ್ದರೂ ನಿಲ್ಲಿಸುವುದಿಲ್ಲ, ದುರಹಂಕಾರ ಎಂದು ಜನ ಆಡಿಕೊಂಡರು. ನಾನೂ ಒಂದು ದಿನ ಕೈ ಎತ್ತಿದೆ, ನನ್ನನ್ನೂ ದಾಟಿ ಹೋದರು. ಮೂಗಿನ ತುದಿಯಲ್ಲಿ ಕೋಪ ಇರುವ ಜನ ನಾನು. ಸಂಜೆ ಮನೆಗೆ ಹೋಗಿ ಬಾಯಿಗೆ ಬಂದ ಹಾಗೆ ಮಾತಾಡಿದೆ. ಭಾವ ಅಷ್ಟೂ ಕೇಳಿಸಿಕೊಂಡು, “ನೀನು ಎಲ್ಲಿ ನಿಂತಿದ್ದದ್ದು?” ಎಂದು ಕೇಳಿದರು. ಆ ಪ್ರಶ್ನೆ ಈಗಲೂ ನನ್ನ ಹೊಟ್ಟೆಯಲ್ಲಿ ಉಂಟು.

ಪುತ್ತೂರಿನ ಕಣ್ಣಿನ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ಹೇಳಿದ್ದು ಇಷ್ಟು: ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸವೆಯುತ್ತಾ ಬರುತ್ತಿದೆ. ಮೊದಲು ಇರುಳಿನಲ್ಲಿ ಕಾಣುವುದಿಲ್ಲ, ಆಮೇಲೆ ಬದಿಗಳು ಹೋಗುತ್ತವೆ, ಕೊನೆಗೆ ಒಂದು ಪೈಪಿನೊಳಗಿಂದ ನೋಡಿದಷ್ಟು ಉಳಿಯುತ್ತದೆ, ಅದೂ ಒಂದು ದಿನ ಮುಚ್ಚುತ್ತದೆ. ಮದ್ದು ಇಲ್ಲ. ಎಷ್ಟು ಸಮಯ ಎಂದು ಕೇಳಿದರೆ, ವರ್ಷವೋ ಎರಡು ವರ್ಷವೋ ಎಂದರು. ಭಾವ ಜೀಪಿನ ಕೀಲಿ ಕೊಟ್ಟುಬಿಟ್ಟರು. ಅಕ್ಕ ಅವರಿಗೆ ಎಲ್ಲವನ್ನೂ ತೋರಿಸಲು ಶುರುಮಾಡಿದಳು. ಇಲ್ಲಿ ಮೆಟ್ಟಿಲು, ಇಲ್ಲಿ ಲೋಟ, ಇಲ್ಲಿ ಉಪ್ಪಿನಕಾಯಿ. ದಿನವಿಡೀ ಅದೇ.

ಅದಾಗಿ ಕೆಲವು ತಿಂಗಳಿಗೆ ಭಾವ ನನ್ನ ಹತ್ತಿರ ಒಂದು ಮಾತು ಹೇಳಿದರು. “ಒಂದು ನರಿಯ ಮುಖ ನೋಡ್ಬೇಕು ಮಾರಾಯ. ಆ ದಿನದ ಮೇಲೆ ನನಗೆ ಒಂದೂ ಕಂಡಿಲ್ಲ.”

ನಾನು ನಕ್ಕೆ. ಅವರು ನಗಲಿಲ್ಲ.

ಕುಂಬ್ರದಲ್ಲಿ ನನಗೊಬ್ಬ ಬ್ಯಾರಿ ಗೆಳೆಯನಿದ್ದಾನೆ, ಕೋಳಿ ಅಂಗಡಿಗಳಿಗೆ ಕೋಳಿ ಹಾಕುವವನು. ಅವನಿಗೆ ಹೇಳಿದಾಗ, “ಕಡಬದ ಹತ್ತಿರ ಕೋಳಿ ಕಸ ಸುರಿಯುವ ಗುಡ್ಡೆ ಉಂಟಲ್ಲ, ಅಲ್ಲಿಗೆ ಹೋಗಿ. ಸಾಲು ಹಿಡಿದು ಬರ್ತವೆ. ಹೊತ್ತು ಕಂತುವ ಮೊದ್ಲು ಮಾತ್ರ ಬರುದಿಲ್ಲ” ಎಂದ. ನಾವು ನಾಲ್ಕು ಗಂಟೆಗೇ ಹೋಗಿ ಕಾರಿನ ಗಾಜು ಏರಿಸಿ ಕೂತೆವು. ವಾಸನೆಗೆ ತಲೆ ತಿರುಗುತ್ತಿತ್ತು. ಆರೂವರೆಗೆ ಭಾವ, “ನನ್ನ ಅಂಗಡಿ ಮುಚ್ಚಿತು” ಎಂದರು. ಇನ್ನೂ ನನಗೆ ಮರದ ಎಲೆ ಎಲ್ಲ ಕಾಣುವಷ್ಟು ಬೆಳಕಿತ್ತು. ಹತ್ತು ನಿಮಿಷ ಆಗಿರಬೇಕು, ಎರಡು ನರಿಗಳು ಗುಡ್ಡೆಯಿಂದ ಇಳಿದು ಬಂದವು. ನಾನು ಸುಮ್ಮನೆ ಕೂತೆ. ಎಲುಬು ಕಡಿಯುವ ಸದ್ದು ಕಾರಿನೊಳಗೆ ಕೇಳುತ್ತಿತ್ತು. ಭಾವ ಆ ಸದ್ದಿನ ಕಡೆ ಮುಖ ತಿರುಗಿಸಿ ಕಣ್ಣು ಅಗಲಿಸಿ ನೋಡುತ್ತಲೇ ಇದ್ದರು. ಅವರಿಗೆ ಅಲ್ಲಿ ಇದ್ದದ್ದು ಬರೀ ಕತ್ತಲೆ.

ಹಿಂದೆ ಬರುವಾಗ ದಾರಿಯಲ್ಲಿ ಕೇಳಿದರು: “ಹಗಲಿನಲ್ಲಿ ನರಿ ತಿರುಗುವ ಊರು ಎಲ್ಲಿಯಾದ್ರೂ ಉಂಟಾ?”

“ಉಂಟು” ಎಂದುಬಿಟ್ಟೆ. ಎಲ್ಲ ಆದದ್ದು ನನ್ನ ಬಾಯಿಯಿಂದಲೇ.

ನನ್ನ ಕೆಲಸ ಗೇರುಬೀಜ ಕೊಯ್ದು ನೋಡುವುದು. ಪುತ್ತೂರಿನ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ, ಬಹುಪಾಲು ಆಫ್ರಿಕಾದಿಂದ ಬರಬೇಕು. ನಾನು ವರ್ಷ ವರ್ಷ ಸುಗ್ಗಿಯ ಸಮಯದಲ್ಲಿ ತಾಂಜಾನಿಯಾಕ್ಕೆ ಹೋಗಿ, ಚೀಲ ಚೀಲದಿಂದ ಹಿಡಿ ಹಿಡಿ ಬೀಜ ತೆಗೆದು, ಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಳಗಿನ ತಿರುಳು ಬಿಳಿಯೋ ಕಪ್ಪೋ ಹುಳು ಹಿಡಿದದ್ದೋ ಎಂದು ಹೇಳಬೇಕು. ಅದಕ್ಕೆ ನಾವು ಕಟ್ಟಿಂಗ್ ಎನ್ನುತ್ತೇವೆ. ಹಾಗೆ ಹೋದವನು ರಜೆ ಸಿಕ್ಕಿದಾಗ ಅಲ್ಲಿನ ಕಾಡುಗಳನ್ನೂ ಸುತ್ತಿದ್ದೆ. ಊರಿಗೆ ಬಂದರೆ ಆ ಕತೆ ಹೇಳಿ ಎಲ್ಲರ ತಲೆ ತಿನ್ನುತ್ತಿದ್ದೆ. ಮಾತು ಶುರುಮಾಡಿದರೆ ನನ್ನನ್ನು ನಿಲ್ಲಿಸುವುದು ಕಷ್ಟ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಆ ದಿನವೂ ಕಡಬದಿಂದ ಗುತ್ತಿಗಾರಿನವರೆಗೆ ಬಾಯಿ ಮುಚ್ಚಲಿಲ್ಲ. ತಾಂಜಾನಿಯಾದ ತೆಂಕು ಭಾಗದ ಮರಗಾಡುಗಳಲ್ಲಿ ಇರುವುದು ಪಕ್ಕೆಯಲ್ಲಿ ಪಟ್ಟೆ ಇರುವ, ಬಾಲದ ತುದಿ ಬಿಳಿಯಾದ ನರಿ. ಅದು ನಾಚಿಕೆಯದ್ದು, ನಮ್ಮದರ ಹಾಗೆ ಮಬ್ಬಿನಲ್ಲೇ ಹೊರಡುತ್ತದೆ, ಅದನ್ನು ನಂಬಬಾರದು. ಬಡಗಿನ ಸೆರೆಂಗೆಟಿಯ ಹುಲ್ಲುಗಾವಲಿನಲ್ಲಿ ಇರುವುದು ಕಪ್ಪು ಬೆನ್ನಿನ ನರಿ. ಬೆನ್ನ ಮೇಲೆ ಕರಿ ಕಂಬಳಿ ಹಾಸಿದ ಹಾಗೆ ಇರುತ್ತದೆ, ಕಾಲು ಕೆಂಪು, ಮಟಮಟ ಮಧ್ಯಾಹ್ನವೂ ತಿರುಗುತ್ತದೆ. ಸಿಂಹ ತಿನ್ನುವಲ್ಲಿ ಹೋಗಿ ಕಾದರೆ ಅದು ಬಂದೇ ಬರುತ್ತದೆ. ಇನ್ನು ಗೊರೊಂಗೊರೋ ಎಂಬ ದೊಡ್ಡ ಬಟ್ಟಲಿನಂಥ ಕಣಿವೆಯಲ್ಲಿ ಇರುವುದು ಥೇಟ್ ನಮ್ಮೂರಿನ ಬಣ್ಣದ್ದು. ಅದು ನರಿಯೇ ಅಲ್ಲ, ತೋಳದ ಜಾತಿ ಎಂದು ಈಗ ಓದಿದವರು ಹೇಳುತ್ತಾರೆ. ಭಾವ ಇದನ್ನು ಕೇಳಿ, “ಓದಿದವರು ಎಂತ ಬೇಕಾದ್ರೂ ಹೇಳಲಿ, ಮುಖ ನರಿಯದ್ದಲ್ವಾ? ಅದು ಸಾಕು” ಎಂದರು. ಫೆಬ್ರವರಿಯಲ್ಲಿ ಹೋಗಬೇಕು, ಆಗ ಬಯಲಿನಲ್ಲಿ ಹುಲ್ಲು ಗಿಡ್ಡ, ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ ಎಂದೆ.

ಫೆಬ್ರವರಿಯಲ್ಲಿ ನಾವಿಬ್ಬರೂ ಹೋದೆವು. ವಿಮಾನ ಹತ್ತುವ ಹಿಂದಿನ ದಿನ ಅಕ್ಕ ಫೋನು ಮಾಡಿ ಅತ್ತಳು. “ಒಂದು ಮುಖ ಸಿಕ್ಕಿದ್ರೆ ಈ ಕಣ್ಣು ಇನ್ನೂ ನಾಲ್ಕು ವರ್ಷ ನಿಲ್ಲುತ್ತದೆ ಅಂತ ಅವರ ಮನಸ್ಸಿನಲ್ಲಿ ಉಂಟು. ನನ್ನ ಹತ್ತಿರ ಹೇಳಿದ್ರು. ನಿನ್ನ ಹತ್ತಿರ ಹೇಳುದಿಲ್ಲ, ನೀನು ನಗ್ತಿ” ಎಂದಳು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಮೂವತ್ತು ವರ್ಷ ತಿರುವು ತಿರುವಿನಲ್ಲಿ ಜೀವ ಉಳಿಸಿಕೊಂಡ ಮನುಷ್ಯ, ಕಣ್ಣನ್ನು ಒಂದು ನರಿಯ ಕೈಗೆ ಕೊಟ್ಟು ಕೂತಿದ್ದಾರೆ. ಅದನ್ನು ಅವರ ತಲೆಗೆ ತುಂಬಿದ್ದು ನಮ್ಮ ಮನೆಯೇ.

ಮೊದಲ ದಿನ ಬೆಳಿಗ್ಗೆ ಸಫಾರಿ ಜೀಪು ಹತ್ತುವ ಮೊದಲು ಭಾವ ನನ್ನ ಭುಜ ಹಿಡಿದು ನಿಲ್ಲಿಸಿದರು. “ಒಂದು ಮಾತು ಕೊಡು. ನೀನು ತೋರಿಸುದು ಬೇಡ. ಆ ಡ್ರೈವರನೂ ತೋರಿಸುದು ಬೇಡ. ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಬೇರೆಯವರು ತೋರಿಸುದೇ ಆಯ್ತು. ಇದೊಂದನ್ನು ನಾನೇ ನೋಡ್ತೇನೆ.”

ಮಾತು ಕೊಟ್ಟೆ. ಗೇರುಬೀಜದ ಸಂತೆಯಲ್ಲಿ ಕಲಿತ ಹರಕು ಸ್ವಾಹಿಲಿಯಲ್ಲಿ ಡ್ರೈವರನಿಗೂ ಹೇಳಿದೆ: ನರಿ ಕಂಡರೆ ಹೇಳಬಾರದು, ಗಾಡಿ ಮಾತ್ರ ನಿಲ್ಲಿಸು. ಹುಳು ಹಿಡಿದ ಬೀಜವನ್ನು ನಾನು ನೋಡುವ ಹಾಗೆ ಅವನು ನನ್ನನ್ನು ನೋಡಿದ. ನರಿ ನೋಡಲೆಂದೇ ಬಂದವರನ್ನು ಅವನು ಅಷ್ಟರವರೆಗೆ ಕಂಡಿರಲಿಲ್ಲ. ನೋಡಲು ಬಂದು ತೋರಿಸಬೇಡ ಎನ್ನುವವರನ್ನಂತೂ ಕಾಣುವ ಮಾತೇ ಇಲ್ಲ.

ಕಣಿವೆಗೆ ಇಳಿದು ಅರ್ಧ ಗಂಟೆಯೊಳಗೆ ಮೊದಲನೆಯದು ಸಿಕ್ಕಿತು. ನಮ್ಮೂರಿನ ಬಣ್ಣದ್ದೇ, ತಲೆ ತಗ್ಗಿಸಿ ಎಡದಿಂದ ಬಲಕ್ಕೆ ಓಡುನಡಿಗೆಯಲ್ಲಿ ಹೋಗುತ್ತಿತ್ತು. ಡ್ರೈವರ್ ನಿಲ್ಲಿಸಿದ. ಗಾಡಿ ನಿಂತದ್ದಕ್ಕೆ ಏನೋ ಉಂಟು ಎಂದು ಭಾವನಿಗೆ ಗೊತ್ತಾಯಿತು, ಮಾಡು ತೆರೆದ ಜೀಪಿನಲ್ಲಿ ಎದ್ದು ನಿಂತು ಮುಖವನ್ನು ನಿಧಾನ ತಿರುಗಿಸತೊಡಗಿದರು. ಅವರು ನೋಡುವ ಕ್ರಮ ಹಾಗೆ. ಟಾರ್ಚಿನ ಸಣ್ಣ ಬೆಳಕನ್ನು ಗೋಡೆಯ ಮೇಲೆ ಆಡಿಸಿದ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಅವರ ನೋಟ ಎಡದಿಂದ ಹೊರಟಿತು. ನರಿ ಒಂದು ಮಾರು ಮುಂದೆ ಇತ್ತು. ನೋಟ ಹಿಂದೆ, ನರಿ ಮುಂದೆ. ಹಾಗೆಯೇ ಎರಡೂ ಬಲ ತುದಿಯವರೆಗೆ ಹೋದವು. ಅಲ್ಲಿ ನರಿ ಹುಲ್ಲಿನ ದಿಬ್ಬದ ಆಚೆ ಇಳಿಯಿತು. ಒಂದು ಕ್ಷಣ ಅದು ನಿಂತಿದ್ದರೆ ಸಾಕಿತ್ತು. ನರಿ ನಿಲ್ಲುವುದಿಲ್ಲ, ಅದರ ಜಾತಕದಲ್ಲೇ ಅದು ಇಲ್ಲ.

ಆ ದಿನ ಇನ್ನೆರಡು ಸಲ ಹಾಗೆಯೇ ಆಯಿತು. ನಡುವೆ ಆನೆ ಬಂತು, ಭಾವನಿಗೆ ಚೆನ್ನಾಗಿ ಕಂಡಿತು. “ಇದನ್ನು ನೋಡ್ಲಿಕ್ಕೆ ಇಲ್ಲಿಗೆ ಬರ್ಬೇಕಿತ್ತಾ? ನಮ್ಮಲ್ಲಿ ಬಾಳೆ ತಿನ್ನಲಿಕ್ಕೆ ಮನೆಗೇ ಬರ್ತದೆ” ಎಂದರು. ಡ್ರೈವರ್ ಕ್ಲಚ್ ತುಳಿಯುವುದು ಸರಿಯಿಲ್ಲ ಎಂದೂ ಹೇಳಿದರು. ಸದ್ದಿನಲ್ಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು.

ಎರಡನೆಯ ದಿನ ಬಯಲಿನಲ್ಲಿ ಐದು ಸಲ. ಒಂದು ಕಡೆ ಸಿಂಹಗಳು ಕಾಡೆಮ್ಮೆಯೊಂದನ್ನು ತಿಂದು ಬಿದ್ದುಕೊಂಡಿದ್ದವು. ಸಿಂಹ ಮಲಗಿದ್ದರಿಂದ ಭಾವನಿಗೆ ಸಿಕ್ಕಿತು. ಮೂತಿಯ ಮೇಲಿನ ನೊಣಗಳನ್ನೂ ನೋಡಿದರು. ಕಪ್ಪು ಬೆನ್ನಿನ ಎರಡು ನರಿಗಳು ಆ ಸಿಂಹದ ಸುತ್ತ ಕಳ್ಳರ ಹಾಗೆ ಸುತ್ತುತ್ತಿದ್ದವು, ಒಂದು ತುಂಡು ಕಿತ್ತು ಓಡುವುದು, ಮತ್ತೆ ಬರುವುದು. ಕಾಲು ಗಂಟೆ. ಭಾವ ಸಿಂಹದಿಂದ ಎಡಕ್ಕೆ ನೋಡಿದಾಗ ಅವು ಬಲಕ್ಕೆ, ಬಲಕ್ಕೆ ನೋಡಿದಾಗ ಹೊಟ್ಟೆಯ ಹಿಂದೆ. ‘ಎಡಕ್ಕೆ ಭಾವ, ಇನ್ನೂ ಒಂಚೂರು’ ಎಂಬ ಮಾತು ಗಂಟಲವರೆಗೆ ಬಂದು ನಿಂತಿತ್ತು. ಬೇಕೆಂದೇ ಅವುಗಳ ಕಡೆ ನಾನು ಮುಖ ತಿರುಗಿಸಿ ಕೂತೆ, ನನ್ನ ತಲೆ ತಿರುಗಿದ್ದು ನೋಡಿಯಾದರೂ ಅವರು ತಿರುಗಲಿ ಎಂದು. ಆದರೆ ನಾನು ಕೂತದ್ದು ಅವರ ಬದಿಯಲ್ಲಿ. ಅವರ ಬದಿ ಯಾವಾಗಲೋ ಹೋಗಿತ್ತು.

ಮೂರನೆಯ ದಿನ ಕೊನೆಯದು. ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಮುಳ್ಳು ಮರದ ಹತ್ತಿರ ನಿಲ್ಲಿಸಿ ಜೀಪಿನೊಳಗೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು. ನಾನು ಎಂದಿನಂತೆ ಏನೋ ಹೇಳುತ್ತಿದ್ದೆ, ಪುತ್ತೂರಿನ ಯಾವುದೋ ಹೋಟೆಲಿನ ಬನ್ಸಿನ ವಿಷಯ ಇರಬೇಕು. ಆಗ ಕಪ್ಪು ಬೆನ್ನಿನ ನರಿಯೊಂದು ಹುಲ್ಲಿನಿಂದ ಎದ್ದು ಸೀದಾ ನಮ್ಮ ಕಡೆಗೆ ಬಂತು. ಬಂದು ಜೀಪಿನ ನೆರಳಿನಲ್ಲಿ, ಭಾವನ ಬದಿಯ ಮುಂದಿನ ಚಕ್ರದ ಹತ್ತಿರ ಕೂತಿತು. ನರಿ ಕೂತಿತು. ಮುಖ ಮೇಲೆತ್ತಿ, ಕಿಟಕಿಯಲ್ಲಿ ಕೈ ಊರಿ ನಿಂತಿದ್ದ ಭಾವನ ಕಡೆಗೇ.

ಭಾವ ದೂರದ ಬಯಲನ್ನು ನೋಡುತ್ತಿದ್ದರು. ನರಿ ದೂರದಲ್ಲಿ ಇರುತ್ತದೆ ಎಂದು ಎರಡು ದಿನದಲ್ಲಿ ಅವರಿಗೆ ಅಭ್ಯಾಸವಾಗಿತ್ತು. ತಗ್ಗಿಸಿದರೆ ಸಾಕಿತ್ತು. ಎರಡು ಬೆರಳು ಅವರ ಗದ್ದಕ್ಕೆ ತಾಗಿಸಿ ಕೆಳಗೆ ಒತ್ತಿದರೆ ಆಗುತ್ತಿತ್ತು, ಮಾತೂ ಬೇಡ. ಕನ್ನಡಿಯಲ್ಲಿ ಡ್ರೈವರ್ ನನ್ನನ್ನು ನೋಡಿದ. ಅವನಿಗೆ ತಡೆಯಲಾಗಲಿಲ್ಲ, ಬಾಯಿ ತೆರೆದ. ನಾನು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದೆ. ಈಗ ತಾನಾಗಿಯೇ ನೋಡುತ್ತಾರೆ, ಈಗ ನೋಡುತ್ತಾರೆ ಎಂದು ನನ್ನ ಜೀವವೆಲ್ಲ ಅಲ್ಲಿ ಇತ್ತು. ತಾನಾಗಿಯೇ ಕಂಡರೆ ಆ ಖುಷಿ ಎಷ್ಟು, ನಾನು ನಡುವೆ ಬಾಯಿ ಹಾಕಿ ಅದನ್ನು ಹಾಳು ಮಾಡಬಾರದು ಎಂದು ಹಲ್ಲು ಕಚ್ಚಿ ಕೂತೆ. ಮತ್ತೆ ಅಜ್ಜಿಯ ಬಾಲವೂ ಇತ್ತು, ಸುಳ್ಳು ಏಕೆ ಹೇಳಲಿ? ಎಲ್ಲಿಯಾದರೂ ನಿಜವಾಗಿದ್ದರೆ, ನಾನು ತೋರಿಸಿದ್ದರಿಂದಲೇ ಆ ಕಣ್ಣು ಹೋದರೆ ಎಂಬ ಹೆದರಿಕೆ. ಒಂದನ್ನೂ ನಂಬದವನ ಹೆದರಿಕೆ ಅದು.

ಎಷ್ಟು ಹೊತ್ತು ಕೂತಿತೋ. ಭಾವನ ಲೋಟದ ಚಹಾದಿಂದ ಹೊಗೆ ಬರುವುದು ನಿಂತಿತು.

“ಸಾಕು ಮಾರಾಯ. ಕಣ್ಣು ಉರಿತದೆ. ಹೋಗುವ” ಎಂದು ಭಾವ ಕೂತರು. ಇಂಜಿನು ಶುರುವಾದ ಸದ್ದಿಗೆ ನರಿ ಎದ್ದು ಹೋಯಿತು.

ಸಂಜೆ ವಸತಿಗೃಹದ ಜಗಲಿಯಲ್ಲಿ ಭಾವ ಕೇಳಿದರು, “ನಿನಗಾದ್ರೂ ಏನಾದ್ರೂ ಕಂಡಿತಾ?” ಕೆಲಸ ಮುಗಿದಿತ್ತು, ಈಗ ಹೇಳಬಹುದಿತ್ತು. “ಇಲ್ಲ ಭಾವ. ಈ ಸಲ ಬಹಳ ಕಮ್ಮಿಯಂತೆ” ಎಂದೆ. ಅಷ್ಟು ಇದ್ದವು ಎಂದು ಹೇಳುವುದಕ್ಕಿಂತ ಇರಲೇ ಇಲ್ಲ ಎನ್ನುವುದು ವಾಸಿ ಎಂದು ಕಂಡಿತು. ಅವರು ಹೂಂ ಎಂದು ಒಳಗೆ ಹೋದರು.

ಅಕ್ಕನಿಗೂ ಅದನ್ನೇ ಹೇಳಿದೆವು. ಅವಳು ಗಂಜಿಗೆ ನೀರಿಡಲು ಹೋದಳು.

ಏಪ್ರಿಲಿನ ಬಿಸು ಹಬ್ಬ ಕಳೆದು ಎರಡು ತಿಂಗಳಿಗೆ ಆ ಪೈಪಿನ ತೂತೂ ಮುಚ್ಚಿತು. ಡಾಕ್ಟರು ಹೇಳಿದ್ದಕ್ಕಿಂತ ಬೇಗ. ಒಂದು ಮಧ್ಯಾಹ್ನ ನಾನು ಪುತ್ತೂರಿನಿಂದ ಗುತ್ತಿಗಾರಿಗೆ ಹೋದಾಗ ಭಾವ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದರು. ಬೆರಳಿಗೆ ಅಭ್ಯಾಸವಾಗಿತ್ತು, ಕೈ ತಡವರಿಸುತ್ತಿರಲಿಲ್ಲ. ನಾನು ಎದುರು ಕೂತು ಮಾತು ಶುರುಮಾಡಿದೆ. ಕಬಕದಲ್ಲಿ ರಸ್ತೆ ಅಗೆದದ್ದು, ಕಾರ್ಖಾನೆಯಲ್ಲಿ ಹೊಸ ಮ್ಯಾನೇಜರ್ ಬಂದದ್ದು. ಅವರು ಎಲ್ಲ ಕೇಳಿ ಒಂದು ಬೀಜ ತಟ್ಟೆಗೆ ಹಾಕಿ ಹೇಳಿದರು:

“ಅಲ್ಲಿ ನೀನು ಒಂಬತ್ತು ಸಲ ಮಾತು ನಿಲ್ಲಿಸಿದ್ದಿ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರು, ಐದು, ಒಂದು. ಸರಿಯಾಗಿಯೇ ಇತ್ತು.

“ಬೇರೆ ಯಾವಾಗ ನೀನು ಬಾಯಿ ಮುಚ್ಚಿದ್ದುಂಟು? ಪ್ರತಿ ಸಲವೂ ನನಗೆ ಗೊತ್ತಾಗ್ತಿತ್ತು, ಬಂದಿದೆ ಅಂತ. ಎಲ್ಲಿ ಅಂತ ಮಾತ್ರ ಗೊತ್ತಾಗ್ತಿರ್ಲಿಲ್ಲ. ಒಂದು ಸಲ ಆದ್ರೂ ನೀನು ಹೇಳಿಬಿಡ್ತಿ ಅಂತ ಗ್ರಹಿಸಿದ್ದೆ. ಕಾದೆ.”

“ನೀವೇ ಬೇಡ ಅಂದದ್ದಲ್ವಾ ಭಾವ?” ಎಂದೆ.

“ಹೌದು. ನಾನೇ ಹೇಳಿದ್ದು.” ಅವರ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ, ಜಗಳವಾದರೂ ಆಡಬಹುದಿತ್ತು. ಇನ್ನೊಂದು ಬೀಜ ತೆಗೆದುಕೊಂಡರು. “ಆ ಚಹಾ ಕುಡಿಯುವಾಗ ಬಂದದ್ದು ಹತ್ತಿರ ಇತ್ತಲ್ಲ? ನೀನು ಉಸಿರೂ ಬಿಡ್ಲಿಲ್ಲ.”

“ಹತ್ತಿರ ಇತ್ತು. ನಿಮ್ಮ ಕೈಯ ಕೆಳಗೆ.”

ಅವರ ಕೈ ನಿಂತಿತು. ಆಮೇಲೆ, “ಅದರ ಮುಖ ಹೇಗಿತ್ತು ಹೇಳು. ಈಗ ಹೇಳ್ಬಹುದು” ಎಂದರು.

ನಾನು ಬಾಯಿ ತೆರೆದೆ. ಭಾವನ ಗಡ್ಡದ ಬಿಳಿ ಕೂದಲು ನೆನಪಾಯಿತು. ಎಡಗಣ್ಣಿನ ತುದಿಯಲ್ಲಿ ಗಾಳಿಗೆ ಬಂದ ನೀರು, ಲೋಟ ಹಿಡಿದ ಬೆರಳು, ದೂರಕ್ಕೆ ನೋಡಿ ನೋಡಿ ಸುಕ್ಕುಗಟ್ಟಿದ ಹಣೆ, ಎಲ್ಲ ಒಂದೂ ಬಿಡದೆ ನೆನಪಾಯಿತು. ಆ ಅಷ್ಟೂ ಹೊತ್ತು ಇವರು ತಗ್ಗಿ ನೋಡುತ್ತಾರೋ ಎಂದು ನಾನು ನೋಡಿದ್ದು ಇವರನ್ನು. ನರಿ ಕೂತದ್ದು ಗೊತ್ತು, ಎದ್ದು ಹೋದದ್ದು ಗೊತ್ತು. ಅದರ ಮುಖ ನಾನು ನೋಡಲೇ ಇಲ್ಲ. ಬೇರೆ ನರಿಗಳ ಮುಖ ತಂದು ಇದಕ್ಕೆ ಹೊಂದಿಸಿ ಹೇಳಬಹುದಿತ್ತು, ಜನ್ಮವಿಡೀ ಮಾತಾಡಿದವನಿಗೆ ಅದೇನು ಕಷ್ಟವಲ್ಲ. ಒಂದು ಮಾತೂ ಬರಲಿಲ್ಲ.

ಭಾವ ಹಲಸಿನ ಬೀಜ ಕೈಯಲ್ಲಿ ಹಿಡಿದುಕೊಂಡು, ನಾನು ಕೂತ ಜಾಗಕ್ಕಿಂತ ಸ್ವಲ್ಪ ಆಚೆಗೆ ಮುಖ ಮಾಡಿ, ಕಾಯುತ್ತಿದ್ದರು.